ಕುಳ್ಳಪ್ಪನ ಬೆಳ್ಳಿ ಕಣ್ಣು

ಕಲ್ಲು ಕೆಲಸಕ್ಕೆ ಸೇರುವ ಹುಡುಗರಿಗೆ ನನ್ನ ಮೊದಲ ಮಾತು: ಉಳಿಯ ತಲೆ ನೋಡಿ. ಮೊನೆಯನ್ನು ಎಲ್ಲರೂ ನೋಡುತ್ತಾರೆ, ತಲೆಯನ್ನು ಯಾರೂ ನೋಡುವುದಿಲ್ಲ. ಸುತ್ತಿಗೆ ಬಿದ್ದು ಬಿದ್ದು ಅದು ಅಣಬೆಯ ಹಾಗೆ ಅರಳಿಕೊಳ್ಳುತ್ತದೆ. ಅಂಚು ಸೀಳುತ್ತದೆ. ಅಂಥ ಉಳಿ ಕಂಡರೆ ಅವತ್ತೇ ಕುಲುಮೆಗೆ ಕೊಡಿ. ಅದರ ಮೇಲೆ ಅರಿಶಿನ ಕುಂಕುಮ ಇದ್ದರೂ ಕೊಡಿ. ಉಳಿದದ್ದೆಲ್ಲ ನೀವೇ ಕಲಿಯುತ್ತೀರಿ.

ನಾನು ಕಸುಬು ಬಿಟ್ಟವನು. ಮುದುಕನಾಗಿ ಬಿಟ್ಟದ್ದಲ್ಲ, ಮೂವತ್ತು ಇನ್ನೂ ತುಂಬಿಲ್ಲ. ಕೈ ಗಟ್ಟಿಯಾಗಿದೆ, ಕಣ್ಣು ಎರಡೂ ನೆಟ್ಟಗಿವೆ. ಈಗ ಕೆಲಮಂಗಲದ ಸಂತೆಯಲ್ಲಿ ಹುಣಸೆ ಮೂಟೆ, ರಾಗಿ ಮೂಟೆ ಹೊರುತ್ತೇನೆ. ಕಲ್ಲು ಒಡೆಯುವವನು ಮೂಟೆ ಹೊರುವುದೇಕೆ ಎಂದು ಕೇಳುವವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ನಯವಾದ ಮಾತು ಬೇಕಿದ್ದವರು ಬೇರೆ ಕಡೆ ಹೋಗಬಹುದು.

ನಮ್ಮ ಗುಂಪು ಸೂಳಗಿರಿಯ ಹತ್ತಿರದ ಬಂಡೆಯಲ್ಲಿ ಕೆಲಸ ಮಾಡುತ್ತಿತ್ತು. ಮುನಿಯಪ್ಪ ಎಂಬವರು ಮೇಸ್ತ್ರಿ. ನನ್ನ ಜೊತೆಯ ಆಳು ತಿಮ್ಮರಾಯ, ನನ್ನ ಸೋದರತ್ತೆಯ ಮಗ. ನಾವು ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತಿದ್ದೆವು, ಬಯ್ಯುವಾಗಲೂ. ಅವನು ಉಳಿ ಹಿಡಿದರೆ ಚಪ್ಪಡಿಯ ಅಂಚು ದಾರ ಹಿಡಿದಂತೆ ಬರುತ್ತಿತ್ತು. ನನ್ನ ಕೈ ಅಷ್ಟು ನಯ ಇಲ್ಲ. ಆದರೆ ಬಂಡೆಗೆ ತಟ್ಟಿ ಸದ್ದು ಕೇಳಿ ಎಲ್ಲಿ ಸೀಳುತ್ತದೆ ಎಂದು ಹೇಳುವುದು ನನಗೆ ಬರುತ್ತಿತ್ತು. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಬಿರುಕು ಇದ್ದರೆ ಒಡೆದ ಮಡಕೆಯ ಸದ್ದು.

ಒಂದು ಸಲ ನಾನೂ ತಪ್ಪಿದೆ. ದೊಡ್ಡ ಮನೆಯವರಿಗೆ ಒಂದು ರುಬ್ಬುವ ಕಲ್ಲು ಮಾಡಬೇಕಿತ್ತು. ಗಂಟೆಯ ಹಾಗೆ ನುಡಿದ ಕಲ್ಲೇ ಅರ್ಧ ಕೆಲಸದಲ್ಲಿ ಸೀಳಿ ಎರಡಾಯಿತು. ಮೇಸ್ತ್ರಿ ಬಂದು ನೋಡಿದರು.

"ಏನ್ಲಾ ನಂಜ, ಒಡೆದ್ಬುಟ್ಟಾ?"

"ಒಡೀತು ಮೇಸ್ತ್ರಿ. ರುಬ್ಬೋ ಕಲ್ಲು ಹೋಯ್ತು."

"ರುಬ್ಬೋ ಕಲ್ಲು ಅಂತ ಯಾವನ್ಲಾ ಅಂದೋನು? ಇದು ನಾಗರಕಲ್ಲು. ತಿಮ್ರಾಯ, ಎರಡು ಹಾವು ಬಿಡ್ಸು ಇದ್ರ ಮ್ಯಾಲೆ."

ತಿಮ್ಮರಾಯ ನಕ್ಕು ನಕ್ಕು ಸುತ್ತಿಗೆ ಕೆಳಗಿಟ್ಟ. "ಬಾವ, ಬೆಳಗ್ಗೆ ಇದ್ರ ಮ್ಯಾಲೆ ಕುಂತ್ಕಂಡು ಮುದ್ದೆ ತಿಂದ್ಯಲ್ಲಾ, ನಾಗಪ್ಪ ಎಲ್ಲಿ ಕಚ್ತಾನೋ ನೋಡ್ಕೋ."

ಹೆಡೆ ಎತ್ತಿದ ಎರಡು ಹಾವನ್ನು ಅವನು ಚೆನ್ನಾಗಿಯೇ ಬಿಡಿಸಿದ. ಮಕ್ಕಳಿಲ್ಲದ ಒಬ್ಬ ಹೆಣ್ಣುಮಗಳು ಕೊಂಡು ಹೋಗಿ ಅರಳಿಮರದ ಕೆಳಗೆ ನಿಲ್ಲಿಸಿ ಸುತ್ತು ಹಾಕಿದಳು. ಮುಂದಿನ ವರ್ಷ ಅವಳ ಮಡಿಲಲ್ಲಿ ಮಗು. ಒಬ್ಬಟ್ಟು, ತುಪ್ಪ ತಂದು ಬಂಡೆಯ ಹತ್ತಿರ ನಮಗೆಲ್ಲ ಬಡಿಸಿ ಮೇಸ್ತ್ರಿಯ ಕಾಲಿಗೆ ಬಿದ್ದಳು.

"ನೋಡುದ್ರೇನ್ರಲಾ? ನಮ್ ಕೈ ಕಲ್ಲು ಫಲ ಕೊಟ್ಟೈತೆ" ಎಂದರು ಮೇಸ್ತ್ರಿ.

"ಅವ್ಳ ಗಂಡಾನೂ ಹೋದ್ವರ್ಷ ಮಿಲಿಟರಿ ಪಟಾಲಮ್ಮಿಂದ ರಜಕ್ಕೆ ಬಂದಿದ್ದ, ಮೇಸ್ತ್ರಿ" ಎಂದೆ ನಾನು.

ಒಬ್ಬಟ್ಟು ಕೈಯಲ್ಲಿದ್ದದ್ದರಿಂದ ಅವರು ನನಗೆ ಹೊಡೆಯಲಿಲ್ಲ. ಅವತ್ತು ನಕ್ಕೆವು. ಆ ನಗು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ. ದೇವರನ್ನು ಮಾಡುವವರು ನಾವೇ, ಅದು ಯಾವ ಕಲ್ಲಿನಿಂದ ಬಂತು ಎಂದು ಗೊತ್ತಿರುವವರು ನಾವೇ. ಅಷ್ಟು ಗೊತ್ತಿದ್ದರೆ ಸಾಕು, ನಾವು ಮೋಸ ಹೋಗುವುದಿಲ್ಲ ಎಂದುಕೊಂಡಿದ್ದೆ.

ಯುದ್ಧ ಬಂತು. ಮದರಾಸಿನ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲುಗಟ್ಟಿ ಓಡತೊಡಗಿದವು. ಅಲ್ಲಿಯವರೆಗೆ ನಾವು ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಪದರ ಎದ್ದ ಮೇಲೆ ಹಾರೆ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದೆವು. ನಿಧಾನದ ಕೆಲಸ. ಈಗ ತೂತು ಕೊರೆದು ಮದ್ದು ತುಂಬಿ ಸಿಡಿಸುವುದು ಬಂತು. ಸೌದೆಗೆ ಬೆಂಕಿ ಇಡುವ ಮುಂಚೆ ಮೇಸ್ತ್ರಿ ಕಾಯಿ ಒಡೆಯುತ್ತಿದ್ದರು. ಮದ್ದಿಗೆ ಬೆಂಕಿ ಇಡುವ ಮುಂಚೆಯೂ ಒಡೆದರು. ಕೆಲಸದ ರೀತಿ ಬದಲಾಯಿತು, ಕಾಯಿ ಬದಲಾಗಲಿಲ್ಲ.

ರಸ್ತೆಯ ಓವರ್‌ಸೀರ್ ತಮಿಳಿನವರು, ಕಾಲೇಜು ಓದಿದವರು. ತಲೆಗೆ ದೊರೆಗಳ ಟೋಪಿ. ಮೇಸ್ತ್ರಿ ಕಾಯಿ ಒಡೆಯುವಾಗ ಅವರು ಬೀಡಿ ಸೇದುತ್ತ ನಿಲ್ಲುತ್ತಿದ್ದರು. ಒಂದು ದಿನ ತಮ್ಮ ಅರೆಬರೆ ಕನ್ನಡದಲ್ಲಿ ನಮಗೆ ಪಾಠ ಮಾಡಿದರು.

"ಡೇಯ್, ದೇವರು ಮನುಷ್ಯನ್ನ ಮಾಡಲಿಲ್ಲಡಾ. ಕೊರಂಗು ಇದೆ ಪಾರು, ಕೋತಿ, ಅದರ ಸೊಂದಕಾರನ್, ನೆಂಟರು, ನಾವು. ಬುಕ್ಕಲ್ಲಿ ಬರೆದಿದೆ."

ತಿಮ್ಮರಾಯ ಕೈ ಮುಗಿದು ಹೇಳಿದ: "ನಮ್ ಮೇಸ್ತ್ರೀನ ನೋಡುದ್ರೆ ನಂಬಬೋದು ಸ್ವಾಮಿ."

ಓವರ್‌ಸೀರ್ ಹೇಳಿದ್ದು ನನ್ನ ತಲೆಯಲ್ಲಿ ಉಳಿಯಿತು. ನಮ್ಮಲ್ಲಿ ಹೇಳುವ ಕಥೆಯೇ ಬೇರೆ. ನಮಗಿಂತ ಮೊದಲು ಈ ಸೀಮೆಯಲ್ಲಿ ಕುಳ್ಳರು ಇದ್ದರಂತೆ, ಮೊಳದುದ್ದದ ಜನ. ದೇವರು ಕೋಪಿಸಿಕೊಂಡು ಬೆಂಕಿ ಮಳೆ ಸುರಿಸಿದನಂತೆ. ಅವರು ಕಲ್ಲು ಚಪ್ಪಡಿಯ ಮನೆ ಕಟ್ಟಿ ಒಳಗೆ ಅವಿತು ಸತ್ತರಂತೆ. ಆಮೇಲೆ ದೇವರು ಮಣ್ಣು ಕಲಸಿ ನಮ್ಮನ್ನು ಮಾಡಿದನಂತೆ. ಸೂಳಗಿರಿಯ ಗುಡ್ಡದ ಮೇಲೆ ಆ ಮನೆಗಳು ಇದ್ದವು. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಒಂದು ಕಡೆ ಮಗು ತೂರುವಷ್ಟು ದುಂಡನೆಯ ಕಿಂಡಿ. ಅದು ಕುಳ್ಳರ ಬಾಗಿಲು, ಒಳಗೆ ಕುಳ್ಳಪ್ಪ ಇದ್ದಾನೆ ಎನ್ನುತ್ತಿದ್ದರು. ದನ ಕಾಯುವವರೂ ಅಲ್ಲಿ ನೆರಳಿಗೆ ಕೂರುತ್ತಿರಲಿಲ್ಲ.

ಭಾರದ ಲಾರಿಗೆ ತಡೆಯುವಂತೆ ರಸ್ತೆಯ ಮೋರಿಗಳಿಗೆ ದಪ್ಪ ಚಪ್ಪಡಿ ಬೇಕಾಯಿತು. ಓವರ್‌ಸೀರ್ ಗುಡ್ಡ ತೋರಿಸಿದರು. ಸಿದ್ಧ ಚಪ್ಪಡಿ ಅಲ್ಲೇ ಇದೆಯಲ್ಲ, ಎತ್ತಿ ಎಂದರು. ಮೇಸ್ತ್ರಿ ಆಗುವುದಿಲ್ಲ ಎಂದರು. ಕೆಲಸದಿಂದ ತೆಗೆಯುತ್ತೇನೆ ಎಂದು ಓವರ್‌ಸೀರ್ ಹೇಳಿದ ಮೇಲೆ ಮೇಸ್ತ್ರಿ ಹಾರೆ ಕೊಟ್ಟು ನನ್ನನ್ನೂ ತಿಮ್ಮರಾಯನನ್ನೂ ಮುಂದೆ ನೂಕಿದರು. ಆಗ ಓವರ್‌ಸೀರ್ ಜೇಬಿನಿಂದ ಕರ್ಪೂರ ತೆಗೆದು ಮೇಸ್ತ್ರಿಯ ಕೈಗಿಟ್ಟು, "ಎದುಕ್ಕೂ ಇರಲಿ, ಒಂದು ಹಚ್ಚಿಬಿಡು" ಎಂದರು. ಕೋತಿಯ ಸೊಂದಕಾರರ ಕರ್ಪೂರ ಉರಿದ ಮೇಲೆ ನಾವು ಹಾರೆ ಹಾಕಿದೆವು.

ಚಪ್ಪಡಿ ಜರುಗಿತು. ಒಳಗೆ ಎದೆಮಟ್ಟದ ಮಣ್ಣು. ಕೆದಕಿದರೆ ಕಪ್ಪು ಕೆಂಪು ಮಡಕೆಗಳು, ಅವುಗಳ ನಡುವೆ ಮೂಳೆ. ದವಡೆಯ ಒಂದು ತುಂಡಿನಲ್ಲಿ ಹಲ್ಲು ಹಾಗೇ ಇತ್ತು, ಬೀಸುಕಲ್ಲಿನ ಮರಳು ಬೆರೆತ ಹಿಟ್ಟು ತಿಂದು ಸವೆದ ಹಲ್ಲು. ನನ್ನ ತಾತನ ಹಲ್ಲೂ ಹೀಗೇ ಇತ್ತು. ತುಕ್ಕು ತಿಂದ ಒಂದು ಗೇಣು ಕಬ್ಬಿಣ ಸಿಕ್ಕಿತು. ಮೇಸ್ತ್ರಿ ದೂರದಿಂದಲೇ "ಮಂತ್ರದ ಕೋಲು, ಮುಟ್ಬೇಡಿ" ಎಂದು ಕಿರುಚಿದರು. ತಿಮ್ಮರಾಯ ಅದನ್ನು ಬೆರಳಲ್ಲಿ ತಿರುಗಿಸಿ ನನ್ನ ಕಡೆ ನೋಡಿದ. ಅದು ಉಳಿ. ಹಿಡಿದವನಿಗೆ ಗೊತ್ತಾಗುತ್ತದೆ.

ಆಮೇಲೆ ತೊಡೆಯ ಮೂಳೆ ಸಿಕ್ಕಿತು. ನಾನು ನನ್ನ ತೊಡೆಗೆ ಇಟ್ಟು ನೋಡಿದೆ, ಸರಿಸಮ. ತಿಮ್ಮರಾಯ ನನಗಿಂತ ಸ್ವಲ್ಪ ಗಿಡ್ಡ. ಅವನೂ ಇಟ್ಟು ನೋಡಿದ.

"ಅಯ್ಯೋ ಇವ್ನ, ನನ್ಗಿಂತ ಉದ್ದ ಅವ್ನೆ ಕಣ್ಲಾ ಕುಳ್ಳ!"

ಅಷ್ಟೇ. ಬೆಂಕಿ ಮಳೆಯೂ ಇಲ್ಲ, ಮೊಳದುದ್ದದ ಜನವೂ ಇಲ್ಲ. ನಮ್ಮ ಹಾಗೇ ಕಲ್ಲು ಕೆಲಸದವನು ಯಾವನೋ ಸತ್ತಿದ್ದಾನೆ. ಅವನ ಜೊತೆಯವರು ಬೆನ್ನು ಮುರಿದುಕೊಂಡು ಚಪ್ಪಡಿ ಹೊತ್ತು ತಂದು ಮುಚ್ಚಿದ್ದಾರೆ. ನಮ್ಮ ಮೂಲ ಯಾವುದು ಎಂದು ನನ್ನನ್ನು ಕೇಳಿದರೆ ಆ ಮೂಳೆ ತೋರಿಸುತ್ತೇನೆ. ಅದಕ್ಕಿಂತ ಹಿಂದೆ ಕೋತಿಯೋ ಏನೋ, ನನಗೆ ಗೊತ್ತಿಲ್ಲ. ಮಣ್ಣು ಕಲಸಿದ್ದನ್ನು ನೋಡಿದವರು ಯಾರಾದರೂ ಇದ್ದರೆ ಬರಲಿ.

ಆ ವಾರವೇ ಆಯುಧಪೂಜೆ. ಉಳಿ, ಸುತ್ತಿಗೆ, ಹಾರೆ ಎಲ್ಲ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದೆವು. ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಪೂಜೆ ಆದ ಉಳಿಯನ್ನು ಹುಣ್ಣಿಮೆ ಕಳೆಯುವವರೆಗೆ ಕುಲುಮೆಯ ಬೆಂಕಿಗೆ ಹಾಕಬಾರದು, ಅದರಲ್ಲಿ ದೇವರು ಇರುತ್ತಾನೆ. ಕೆಲಸಕ್ಕೆ ಮಾತ್ರ ತೆಗೆದುಕೊಳ್ಳಬಹುದು. ದೇವರ ತಲೆಗೆ ಸುತ್ತಿಗೆಯಲ್ಲಿ ಹೊಡೆಯಬಹುದು, ಬೆಂಕಿ ಮಾತ್ರ ತಾಕಿಸಬಾರದು. ಇದನ್ನು ಮಾಡಿದವರ ಬುದ್ಧಿಗೆ ಏನು ಹೇಳಲಿ.

ಗುಡ್ಡದಿಂದ ಇಳಿಸಿದ ಚಪ್ಪಡಿಯ ಅಂಚು ನೇರ ಮಾಡುವ ಕೆಲಸ ತಿಮ್ಮರಾಯನದು. ಅವನ ಉಳಿಯ ತಲೆ ಅರಳಿ ಅಂಚು ಹರಿದಿತ್ತು.

"ಬಾವ, ಉಳಿ ತಲೆ ನೋಡ್ಲಾ. ಕೋಳಿ ಜುಟ್ಟು ಆದಂಗಾಗೈತೆ. ಕುಲುಮೆಗೆ ಕೊಟ್ಬಾ" ಎಂದೆ.

"ಹುಣ್ಣಿಮೆ ಆಗ್ಲಿ."

"ಹುಣ್ಣಿಮೆ ಅಮಾಸೆ ಕಬ್ಬಿಣಕ್ಕೇನ್ ಗೊತ್ತು?"

"ಕಬ್ಬಿಣಕ್ಕೆ ಗೊತ್ತಿಲ್ಲ, ನಮ್ಮವ್ವನ್ಗೆ ಗೊತ್ತೈತೆ. ಮೊದ್ಲೇ ಕುಳ್ಳರ ಮನೆ ಮುಟ್ದೆ ಅಂತ ಉಣ್ಣಕ್ಕಿಕ್ತಿಲ್ಲ ಅವ್ಳು. ಬಾಯ್ ಮುಚ್ಕಂಡು ಕೆಲಸ ನೋಡು."

ಅವನು ಇದನ್ನು ನಗುತ್ತಲೇ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಬೆರಳ ಸಂದಿಯಲ್ಲಿ ರಕ್ತ. ಉಳಿ ಕೆಳಗೆ ಬಿದ್ದಿತ್ತು. ಅದರ ತಲೆಯಂಚಿನ ಒಂದು ಚೂರು ಹಾರಿಹೋಗಿತ್ತು, ಮುರಿದ ಜಾಗ ಹೊಸದಾಗಿ ಹೊಳೆಯುತ್ತಿತ್ತು. ನಾನು ಅದನ್ನು ಎಲ್ಲರಿಗೂ ತೋರಿಸಿದೆ. ಯಾರೂ ನೋಡಲಿಲ್ಲ. ಎಲ್ಲರೂ ಚಪ್ಪಡಿಯನ್ನು ನೋಡುತ್ತಿದ್ದರು.

ಮಿಲಿಟರಿ ಲಾರಿಯೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಹೊಸೂರಿಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಡಾಕ್ಟರು ದೀಪ ಹಿಡಿದು ನೋಡಿ ಪಟ್ಟಿ ಕಟ್ಟಿದರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಈ ಕಣ್ಣು ಮುಗಿಯಿತು. ಇದನ್ನು ಹೀಗೇ ಬಿಟ್ಟರೆ ಒಳ್ಳೆಯ ಕಣ್ಣೂ ಇದರ ಹಿಂದೆ ಹೋಗುತ್ತದೆ. ತಡ ಮಾಡದೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಈ ಕಣ್ಣು ತೆಗೆಸಿ. ಒಂದು ಉಳಿಯುತ್ತದೆ."

ಒಂದು ಉಳಿದರೆ ಸಾಕಿತ್ತು. ಒಕ್ಕಣ್ಣಿನ ಕಲ್ಲು ಕೆಲಸದವರು ಎಷ್ಟೋ ಜನ ಇದ್ದಾರೆ. ಆ ಒಂದನ್ನು ಉಳಿಸುವುದೇ ಆಮೇಲಿನ ನನ್ನ ಕೆಲಸವಾಯಿತು, ಅದು ನನ್ನ ಕೈಲಿ ಆಗಲಿಲ್ಲ.

ತಿಮ್ಮರಾಯನ ತಾಯಿ, ನನ್ನ ಸೋದರತ್ತೆ, ಗಂಡ ಸತ್ತ ಮೇಲೆ ಜಲ್ಲಿ ಒಡೆದು ಮಗನನ್ನು ಸಾಕಿದವಳು. ಡಾಕ್ಟರ ಮಾತು ಹೇಳಿದಾಗ ಎದ್ದು ನಿಂತಳು.

"ಇರೋ ಕಣ್ಣು ಕೀಳ್ಸಕ್ಕೆ ಬೆಂಗ್ಳೂರಿಗೆ ಹೋಗ್ಬೇಕಾ? ಮುಟ್ಬೇಡಿ ಅಂತ ಬಡ್ಕಂಡೆ. ಕುಳ್ಳಪ್ಪನ ಮನೆ ಬಾಗ್ಲು ತೆಗುದ್ರಲ್ಲೋ! ಅವ್ನ ಕೈಲೇ ಕೇಳ್ತೀನಿ ನನ್ ಮಗನ ಕಣ್ಣ."

"ಅತ್ತೆ, ಉಳಿ ಚೂರು ಹೊಕ್ಕಿರೋದು. ಕುಳ್ಳಪ್ಪ ಅಲ್ಲ. ಅವ್ನು ಕುಳ್ಳಾನೂ ಅಲ್ಲ, ನನ್ನಷ್ಟುದ್ದ ಇದ್ದ."

"ನಿನ್ ಕಣ್ಣು ನೆಟ್ಗೈತೆ, ನೀನು ಮಾತಾಡ್ತೀಯಾ."

ಊರ ಪೂಜಾರಿ ಬಂದ. ಚಪ್ಪಡಿಯನ್ನು ವಾಪಸು ಗುಡ್ಡಕ್ಕೆ ಹೊತ್ತು ಹಾಕಬೇಕು, ತಿಮ್ಮರಾಯ ಒಂದು ಮಂಡಲ, ನಲವತ್ತೆಂಟು ದಿನ, ಅದರ ಪಕ್ಕ ಕೂತು ಒಪ್ಪೊತ್ತು ಉಂಡು ತಪ್ಪು ಕೇಳಬೇಕು, ಕಣ್ಣಿಗೆ ಅರಿಶಿನದ ನೀರು ಬಿಟ್ಟು ಬೇರೇನೂ ತಾಕಬಾರದು ಎಂದ. ಅತ್ತೆ ಬೆಳ್ಳಿ ಕಣ್ಣಿನ ಹರಕೆ ಹೊತ್ತಳು. ಮಗನ ಕಣ್ಣು ಬಂದರೆ ಅದೇ ಅಳತೆಯ ಬೆಳ್ಳಿ ಕಣ್ಣು ಕುಳ್ಳಪ್ಪನಿಗೆ. ಬೆಳ್ಳಿ ಕೆಲಸದ ಆಚಾರಿಯನ್ನು ಮನೆಗೇ ಕರೆಸಿ, ಮಗನ ರೆಪ್ಪೆಯ ಮೇಲೆ ದಾರ ಹಿಡಿದು ಅಳತೆ ಕೊಟ್ಟಳು. ಕಾಲಿನ ಕಡಗ ಬಿಚ್ಚಿ ಕರಗಿಸಲು ಹಾಕಿದಳು.

ಚಪ್ಪಡಿ ವಾಪಸು ಹೋಯಿತು. ಓವರ್‌ಸೀರ್ ತಡೆಯಲಿಲ್ಲ. ಅವತ್ತು ಅವರ ಹಣೆಯಲ್ಲಿ ಟೋಪಿಯ ಕೆಳಗೆ ವಿಭೂತಿ ಇತ್ತು.

ನಾನು ದಿನಾ ಸಾಯಂಕಾಲ ಗುಡ್ಡ ಹತ್ತಿ ತಿಮ್ಮರಾಯನ ಹತ್ತಿರ ಜಗಳ ಆಡುತ್ತಿದ್ದೆ.

"ಬಾವ, ನೀನೂ ನೋಡ್ದೆ ಮೂಳೇನ. ನಿಂಗೂ ಗೊತ್ತು. ಎದ್ ಬಾ, ಬೆಳಗ್ಗೆ ಬಸ್ಸಿಗೆ ಹೋಗ್ಬುಡಾನ."

"ನಮ್ಮವ್ವ ಅಳ್ತಾಳೆ ಕಣ್ಲಾ. ಮಂಡಲ ಮುಗೀಲಿ, ಬತ್ತೀನಿ."

"ಅಷ್ಟ್ರಲ್ಲಿ ಇನ್ನೊಂದೂ ಹೋದ್ರೆ?"

"ಚೆನ್ನಾಗೇ ಕಾಣ್ತೈತಲ್ಲ ಈ ಕಣ್ಣು. ನಿನ್ ಕೋತಿ ಮೂತಿ ಮೊದಲ್ನಂಗೇ ಕಾಣ್ತೈತೆ."

ಎಳೆದುಕೊಂಡು ಹೋಗಲು ಒಂದು ದಿನ ಕೈಯನ್ನೂ ಹಾಕಿದೆ. ಊರಿನವರು ನಾಲ್ಕು ಜನ ನನ್ನನ್ನು ಹಿಡಿದು ಗುಡ್ಡದ ಕೆಳಗೆ ನೂಕಿದರು.

ಮಂಡಲ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಕಳಿಸಿದ ಮುದ್ದೆ ತೆಗೆದುಕೊಂಡು ಹೋದೆ. ಸುಡು ಬಿಸಿಲು, ಬಂಡೆ ಕಾಲು ಸುಡುತ್ತಿತ್ತು. ಮುಂದಿಟ್ಟ ನೀರಿನ ಚೆಂಬಿಗೆ ಅವನು ಕೈ ಚಾಚಿದ. ಕೈ ಚೆಂಬಿನ ಪಕ್ಕಕ್ಕೆ ಹೋಯಿತು. ಇನ್ನೊಂದು ಸಲ ಚಾಚಿದ.

"ಬಾವ," ಎಂದ, "ಮೋಡ ಕವ್ಕಂಡೈತಾ?"

ನಾನು ಆಕಾಶ ನೋಡಿದೆ. ಅಲ್ಲಿ ಹತ್ತಿಯಷ್ಟು ಬಿಳುಪೂ ಇರಲಿಲ್ಲ.

ಅವತ್ತು ಯಾರೂ ತಡೆಯಲಿಲ್ಲ. ಹೊಸೂರಿನ ಡಾಕ್ಟರು ನೋಡಿದರು. "ಆಗ ಯಾಕೆ ಬರಲಿಲ್ಲ?" ಎಂದು ಕೇಳಿದರು. ಅತ್ತೆ ಕೈ ಮುಗಿದುಕೊಂಡು ನಿಂತಿದ್ದಳು. ಬೆಂಗಳೂರಿಗೂ ಹೋದೆವು, ಅಲ್ಲಿಯೂ ಅದನ್ನೇ ಕೇಳಿದರು. ದಿನದಿನಕ್ಕೆ ಮಂಜು ಹೆಚ್ಚಿ, ಕೆಲವು ವಾರದಲ್ಲಿ ಅವನಿಗೆ ಪೂರ್ತಿ ಕತ್ತಲೆ.

ದೇವರ ಅಂಗಡಿ ನಷ್ಟದಲ್ಲೂ ಮುಚ್ಚುವುದಿಲ್ಲ. ಕಣ್ಣು ಬರಲಿಲ್ಲವಲ್ಲ ಎಂದು ನಾನು ಪೂಜಾರಿಯನ್ನು ಊರ ನಡುವೆ ನಿಲ್ಲಿಸಿ ಕೇಳಿದೆ. ಕುಳ್ಳಪ್ಪ ಹೊರಗಿನ ಕಣ್ಣು ತೆಗೆದುಕೊಂಡು ಒಳಗಿನ ಕಣ್ಣು ಕೊಟ್ಟಿದ್ದಾನೆ ಎಂದ. ಜನ ತಲೆದೂಗಿದರು. ಚಪ್ಪಡಿಯ ಮುಂದೆ ಚಪ್ಪರ ಎದ್ದಿತು. ತಿಮ್ಮರಾಯನನ್ನು ಅಲ್ಲಿ ಕೂರಿಸಿದರು. ಡೆಂಕಣಿಕೋಟೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದರು, ಬೆಳೆಗೆ ಆನೆ ಬೀಳದಿರಲಿ ಎಂದು ಕೇಳುವುದಕ್ಕೆ. ಚಪ್ಪಡಿಯ ಕೆಳಗೆ ಸಿಕ್ಕಿದ್ದ ತುಕ್ಕು ಹಿಡಿದ ಉಳಿಯನ್ನು ತಿಮ್ಮರಾಯ ಅವರ ತಲೆಗೆ ಮುಟ್ಟಿಸುತ್ತಿದ್ದ. ಆಮೇಲೆ ಬೆಂಕಿ ಮಳೆಯ ಕಥೆ, ಮೊಳದುದ್ದದ ಜನದ ಕಥೆ ಹೇಳುತ್ತಿದ್ದ.

ನನ್ನನ್ನು ಯಾವ ಗುಂಪೂ ಕೆಲಸಕ್ಕೆ ಸೇರಿಸಲಿಲ್ಲ. ಹಾರೆ ಹಾಕಿದ್ದು ಇಬ್ಬರು, ಒಬ್ಬನ ಕಣ್ಣು ಹೋಯಿತು, ಇವನದು ಇನ್ನೂ ಬಾಕಿ ಇದೆ ಎನ್ನುತ್ತಿದ್ದರು. ಕೊನೆಗೆ ಮೇಸ್ತ್ರಿಯೇ ದಾರಿ ತೋರಿಸಿದರು.

"ಕುಳ್ಳಪ್ಪನ್ಗೆ ಒಂದು ವಿಗ್ರಹ ಬೇಕಂತೆ. ನೀನು ಕೆತ್ಕೊಡು. ತಪ್ಪು ಕಳೀತು ಅಂತ ನಾನೇ ಕೆಲಸಕ್ಕೆ ಕರ್ಕಂತೀನಿ."

ಆಗುವುದಿಲ್ಲ ಎಂದು ತಿಮ್ಮರಾಯನ ಮುಖಕ್ಕೇ ಹೇಳಿ ಬರುವುದಕ್ಕೆ ಗುಡ್ಡ ಹತ್ತಿದೆ. ಜನ ಇರಲಿಲ್ಲ. ತಿಮ್ಮರಾಯ ಒಬ್ಬನೇ ಚಪ್ಪರದಲ್ಲಿ ಕೂತಿದ್ದ. ನಡಿಗೆಯ ಸದ್ದಿನಲ್ಲೇ ಗುರುತು ಹಿಡಿದ.

"ಬಾ ಬಾವ. ಕೆತ್ತಕ್ಕಾಗಲ್ಲ ಅನ್ನಕ್ಕೆ ಬಂದಿದ್ದೀಯಾ?"

"ಹೂಂ. ಒಂದ್ ಮಾತು ಕೇಳ್ತೀನಿ. ಅವತ್ತು ಮೂಳೆ ತೊಡೆಗಿಟ್ಟು ನೋಡ್ದಲ್ಲ, ಅವ್ನು ಕುಳ್ಳನಾ?"

"ಅಲ್ಲ. ನನ್ಗಿಂತ ಉದ್ದ."

"ಮತ್ತೆ ಜನಕ್ಕೆ ಏನ್ಲಾ ಹೇಳ್ತಿದ್ದೀಯಾ?"

"ಮೊಳದುದ್ದ ಅಂತ." ತುಕ್ಕಿನ ಉಳಿಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ: "ಕಣ್ಣ ಕುಳ್ಳಪ್ಪ ಕಿತ್ಕಂಡ ಅಂದ್ರೆ ದೇವರಾಟ ಆಯ್ತು. ಉಳಿ ಚೂರು ಅಂತ ನೀನು ಸಾರ್ಕಂಡು ಬತ್ತೀಯಲ್ಲ, ಅದು ನಿಜ ಆದ್ರೆ ಒಂದು ಕಣ್ಣು ಉಳೀತಿತ್ತು. ಅಲ್ವಾ? ಆ ಇನ್ನೊಂದ ಕಳ್ದೋಳು ಯಾರು ಅಂತಾಯ್ತದೆ? ಹೇಳು. ನೀನೇ ಹೋಗಿ ನಮ್ಮವ್ವನ್ಗೆ ಹೇಳ್ಬಾ. ಹೇಳಿದ್ಮ್ಯಾಲೆ ಅವ್ಳು ಬಾವೀಗೆ ಬೀಳ್ದಂಗೆ ಕಾಯ್ತೀಯಾ?"

ನಾನು ಎಷ್ಟೋ ಜನರ ಹತ್ತಿರ ವಾದ ಮಾಡಿದ್ದೇನೆ. ಅವತ್ತು ವಾದ ಬಿಟ್ಟು, ಕೆತ್ತುತ್ತೇನೆ ಎಂದೆ. ನಂಬದವನಿಗೆ ನಂಬಿದವನ ಹಾಗೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅವನು ದಿನಾ ಅದನ್ನು ಮಾಡುತ್ತಿದ್ದ.

ಕೆತ್ತಿದೆ. ಮೊಳದುದ್ದವೇ ಕೆತ್ತಿದೆ, ದಪ್ಪ ಹೊಟ್ಟೆ, ಗಿಡ್ಡ ಕಾಲು. ಶುರು ಮಾಡುವ ಮುಂಚೆ ಉಳಿಯನ್ನು ಕುಲುಮೆಗೆ ಕೊಟ್ಟು ತಲೆ ಬಡಿಸಿ ತಂದೆ. ವಿಗ್ರಹಕ್ಕೆ ಕಣ್ಣು ಕೊನೆಗೆ ಬಿಡಿಸುವುದು. ಕೆತ್ತಿದವನೇ ಜನರ ಮುಂದೆ ಬಿಡಿಸಬೇಕು, ಆಮೇಲೇ ಅದು ದೇವರು. ನಿಲ್ಲಿಸಿದ ದಿನ ಎಲ್ಲರೂ ಕಾದರು. ನಾನು ಉಳಿ ಎತ್ತಲಿಲ್ಲ.

"ಕಣ್ಣು ಬಿಡ್ಸಲಾ!" ಎಂದ ಪೂಜಾರಿ.

"ನನ್ ಕೈಲಾಗಲ್ಲ. ಇದೊಂದು ಬಿಟ್ಟು ಏನ್ ಬೇಕಾದ್ರೂ ಕೇಳಿ."

ಗದ್ದಲವಾಯಿತು. ಮೇಸ್ತ್ರಿ ನನ್ನ ಕುತ್ತಿಗೆ ಪಟ್ಟಿ ಹಿಡಿದರು. ಅಷ್ಟರಲ್ಲಿ ಅತ್ತೆ ಜನರನ್ನು ಸರಿಸಿಕೊಂಡು ಬಂದಳು. ಸೆರಗಿನ ಗಂಟು ಬಿಚ್ಚಿದಳು. ಹರಕೆಗೆಂದು ಮಾಡಿಸಿದ ಬೆಳ್ಳಿ ಕಣ್ಣು. ಮಗನ ಕಣ್ಣು ಬಂದಿರಲಿಲ್ಲ, ಆದ್ದರಿಂದ ಕೊಡುವ ಹಾಗೂ ಇರಲಿಲ್ಲ, ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಅಲ್ಲಿಯವರೆಗೂ ಸೊಂಟದಲ್ಲೇ ಕಟ್ಟಿಕೊಂಡು ತಿರುಗಿದ್ದಳು. ಯಾರನ್ನೂ ಕೇಳದೆ ಅರಗು ಕಾಸಿ ಕಲ್ಲಿನ ಮುಖಕ್ಕೆ ಅಂಟಿಸಿದಳು. ಜನ ಕೈ ಮುಗಿದರು.

ನಾನು ಉಳಿ ಸುತ್ತಿಗೆ ಅಲ್ಲೇ ಬಿಟ್ಟು ಹೊರಟೆ. ತಿಮ್ಮರಾಯ ಕೂಗಿ ನಿಲ್ಲಿಸಿದ. ಕೈ ಚಾಚಿದ, ನಾನು ಅವನ ಬೆರಳನ್ನು ವಿಗ್ರಹದ ಮುಖಕ್ಕೆ ಮುಟ್ಟಿಸಿದೆ. ಹಣೆ, ಮೂಗು, ಆಮೇಲೆ ಬೆಳ್ಳಿ. ಮೊಳದುದ್ದದ ವಿಗ್ರಹದ ಅರ್ಧ ಮುಖ ಆ ಬೆಳ್ಳಿಯೇ ಇತ್ತು. ಕಲ್ಲು ಕೆಲಸದವನ ಬೆರಳು, ಅಳತೆ ತಪ್ಪಿದ್ದು ತಕ್ಷಣ ಗೊತ್ತಾಯಿತು.

"ಏನ್ಲಾ ಬಾವ, ಕಣ್ಣು ಇಷ್ಟ್ ದೊಡ್ಡದಾಗೈತೆ?"

"ನಿನ್ ಅಳತೇದು ಕಣ್ಲಾ" ಎಂದೆ.